ಹಿಂಭಾರವಾದ ಬೈಕು ಯಾಕೆ ತೂಗಾಡುತ್ತದೆ?



ನಿಮ್ಮಲ್ಲಿ ಎತ್ತಿನ ಗಾಡಿ ನೋಡದವರು ಯಾರೂ ಇಲ್ಲ ಅಂದುಕೊಂಡಿದ್ದೇನೆ. ಶೇಂಗಾ ಚೀಲಗಳನ್ನೆಲ್ಲ ಹಿಂದಕ್ಕೇ ಹೇರಿದರೆ ಏನಾಗುತ್ತದೆ? ನೊಗ ಮೇಲೇಳುತ್ತದೆ. ಮುಂದಕ್ಕೇ ಹೇರಿದರೆ? ಎತ್ತುಗಳ ಹೆಗಲ ಮೇಲೆ ಭಾರ ಬೀಳುತ್ತದೆ. ಅದಕ್ಕೇ ನಮ್ಮ ಹಿರಿಯರು "ಹಿಂಭಾರ, ಮುಂಭಾರ ನೋಡಿ ಹೇರ್ರೋ" ಅನ್ನುತ್ತಿದ್ದರು. ಇಷ್ಟು ಗೊತ್ತಿದ್ದೂ, ವಿಜ್ಞಾನದ ಮೇಷ್ಟ್ರಾದ ನಾನು ನನ್ನ ಬೈಕಿನಲ್ಲಿ ಅದೇ ತಪ್ಪು ಮಾಡಿದೆ. ಇವತ್ತಿನ ಪಾಠ ಆ ತಪ್ಪಿನದು.

ಮೈಸೂರಿನ ಗಾಡಿ

ನನ್ನ ಹತ್ತಿರ ಒಂದು ಹಳೆಯ ಯೆಜ್ಡಿ ಇದೆ. ಇದು ಮೈಸೂರಿನಲ್ಲಿ ತಯಾರಾದ ಗಾಡಿ. ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಲ್ಲಿ ಜಾವಾ ಬೈಕುಗಳ ತಯಾರಿಕೆ ಶುರುವಾಯಿತು. ಆಮೇಲೆ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆದರೂ ಗಾಡಿಗಳು ಸಾಯಲಿಲ್ಲ. ಅವನ್ನು ಜತನ ಮಾಡಿಕೊಂಡು ಬಂದವರು ಪ್ರತಿವರ್ಷ ಜುಲೈ ತಿಂಗಳ ಎರಡನೇ ಭಾನುವಾರ 'ಜಾವಾ ದಿನ' ಅಂತ ಊರೂರುಗಳಲ್ಲಿ ಸೇರುತ್ತಾರೆ. ಕಿಕ್ ಹೊಡೆಯುವ ಕಡ್ಡಿಯೇ ಗೇರ್ ಕಡ್ಡಿಯೂ ಆಗಿರುವುದು ಈ ಬೈಕಿನ ವಿಶೇಷ. ಎಂಜಿನ್ ಎರಡು ಸ್ಟ್ರೋಕಿನದು, ಹಾಗಾಗಿ ಪೆಟ್ರೋಲಿಗೆ ಆಯಿಲ್ ಬೆರೆಸಬೇಕು.

ಒಮ್ಮೆ ನಾವು ನಾಲ್ಕು ಜನ ಗೆಳೆಯರು ರಾಯದುರ್ಗದಿಂದ ಮೈಸೂರಿಗೆ ಬೈಕಿನಲ್ಲೇ ಹೊರಟೆವು. ದೂರದ ದಾರಿ, ಸಾಮಾನು ಬೇಕಲ್ಲ? ವೆಲ್ಡಿಂಗ್ ಅಂಗಡಿಯಲ್ಲಿ ನಾನೇ ನಿಂತು ಹಿಂದಕ್ಕೆ ಉದ್ದನೆಯ ಕ್ಯಾರಿಯರ್ ಮಾಡಿಸಿ, ಅದರ ಮೇಲೆ ಪೆಟ್ಟಿಗೆ ಕೂರಿಸಿದೆ. ಸ್ಪ್ಯಾನರ್, ಟ್ಯೂಬು, ಆಯಿಲ್ ಡಬ್ಬ, ಬಟ್ಟೆ ಎಲ್ಲ ಸೇರಿ 30 ಕಿಲೋ. ನೋಡಲು ಬಹಳ ಚೆಂದ ಇತ್ತು!

ಚಳ್ಳಕೆರೆ ದಾಟಿ ಒಳ್ಳೆ ರಸ್ತೆ ಸಿಕ್ಕಿತು. ವೇಗ 70 ಆಗುತ್ತಿದ್ದಂತೆ ಹ್ಯಾಂಡಲ್ ಎಡಕ್ಕೂ ಬಲಕ್ಕೂ ನಡುಗತೊಡಗಿತು. ಗಟ್ಟಿಯಾಗಿ ಹಿಡಿದಷ್ಟೂ ಹೆಚ್ಚಾಯಿತು. ಎದುರಿಗೆ ಲಾರಿ. ಬ್ರೇಕ್ ಒತ್ತದೆ, ಮೆಲ್ಲಗೆ ಆಕ್ಸಿಲರೇಟರ್ ಇಳಿಸಿದೆ. ವೇಗ ಕಡಿಮೆಯಾದಂತೆ ನಡುಕ ನಿಂತಿತು. ಪಕ್ಕಕ್ಕೆ ನಿಲ್ಲಿಸಿದಾಗ ನನ್ನ ಕೈಯೂ ನಡುಗುತ್ತಿತ್ತು. ಜೊತೆಗಿದ್ದ ಮೆಕ್ಯಾನಿಕ್ ಗೆಳೆಯ ಪೆಟ್ಟಿಗೆ ನೋಡಿ ಅಂದ: "ಸಾರ್, ನಿಮ್ ಗಾಡಿ ಹಿಂಭಾರ ಆಗೈತೆ. ಎತ್ತಿನ ಗಾಡಿ ನೋಡಿಲ್ವಾ ನೀವು?"

ಲೆಕ್ಕ ಮಾಡೋಣ ಬನ್ನಿ

ಸನ್ನೆಯ ಪಾಠ ನೆನಪು ಮಾಡಿಕೊಳ್ಳಿ. ಆನಿಕೆಯ ಒಂದು ಕಡೆಯ ಭಾರ × ದೂರ = ಇನ್ನೊಂದು ಕಡೆಯ ಭಾರ × ದೂರ. ಇಲ್ಲಿ ಹಿಂದಿನ ಗಾಲಿಯ ಅಚ್ಚೇ ಆನಿಕೆ. ಎರಡು ಗಾಲಿಗಳ ಅಚ್ಚಿನ ನಡುವಿನ ದೂರ 130 ಸೆಂ.ಮೀ. ಎಂದಿಟ್ಟುಕೊಳ್ಳೋಣ. ನನ್ನ ಪೆಟ್ಟಿಗೆಯ ಗುರುತ್ವ ಕೇಂದ್ರ ಹಿಂದಿನ ಅಚ್ಚಿನಿಂದ 52 ಸೆಂ.ಮೀ. ಹಿಂದಕ್ಕಿತ್ತು. (ಸುಲಭವಾಗಲೆಂದು ಭಾರವನ್ನು ಕಿಲೋದಲ್ಲೇ ಬರೆಯುತ್ತೇನೆ. ನ್ಯೂಟನ್ ಬೇಕಾದವರು 9.8ರಿಂದ ಗುಣಿಸಿ.)

30 × 52 ÷ 130 = 12

ಅಂದರೆ ಮುಂದಿನ ಗಾಲಿಯ ಮೇಲಿನ ಭಾರ 12 ಕಿಲೋ ಕಡಿಮೆಯಾಯಿತು. ಆ ಭಾರ ಎಲ್ಲಿಗೆ ಹೋಯಿತು? ಹಿಂದಿನ ಗಾಲಿಗೆ. 30 + 12 = 42. ನಾನು ಹೇರಿದ್ದು 30 ಕಿಲೋ, ಹಿಂದಿನ ಟೈರು ಹೊತ್ತದ್ದು 42 ಕಿಲೋ!

ಅದೇ ಸಾಮಾನನ್ನು ಅಚ್ಚಿನಿಂದ 26 ಸೆಂ.ಮೀ. ಮುಂದಕ್ಕೆ, ಅಂದರೆ ಸೀಟಿನ ಮೇಲೆ, ಕಟ್ಟಿದ್ದರೆ? 30 × 26 ÷ 130 = 6. ಮುಂದಿನ ಗಾಲಿಗೆ 6 ಕಿಲೋ ಹೆಚ್ಚಾಗುತ್ತಿತ್ತು, ಹಿಂದಿನದಕ್ಕೆ 24. ಸಾಮಾನು ಅದೇ, ಬೈಕು ಅದೇ. ಜಾಗ ಮಾತ್ರ ಬೇರೆ.

ಮುಂದಿನ ಗಾಲಿ ಹಗುರಾದರೆ ಏನು ತೊಂದರೆ? ಟೈರಿಗೂ ರಸ್ತೆಗೂ ಇರುವ ಘರ್ಷಣೆಯೇ ಬೈಕನ್ನು ತಿರುಗಿಸುವುದು. ಟೈರು ರಸ್ತೆಯನ್ನು ಎಷ್ಟು ಒತ್ತುತ್ತದೋ ಅಷ್ಟು ಹಿಡಿತ. ಒತ್ತು ಕಡಿಮೆಯಾದರೆ ಹಿಡಿತವೂ ಕಡಿಮೆ. ಏರು ಹತ್ತುವಾಗ, ಜೋರಾಗಿ ವೇಗ ಏರಿಸುವಾಗ ಭಾರ ಇನ್ನಷ್ಟು ಹಿಂದಕ್ಕೆ ಸರಿಯುತ್ತದೆ. ಜೊತೆಗೆ ಜಡತ್ವವೂ ಇದೆ. ನಡುವಿನಿಂದ ದೂರ ಇರುವ ಭಾರ ಒಮ್ಮೆ ಅಲುಗಾಡಿದರೆ ನಿಲ್ಲಿಸುವುದು ಕಷ್ಟ.

ಮಾಡಿ ನೋಡಿ

1. ಎರಡು ಪೆನ್ಸಿಲ್‌ಗಳನ್ನು ಮೇಜಿನ ಮೇಲೆ ಉರುಳದಂತೆ ಅಂಟಿಸಿ. ಮರದ 30 ಸೆಂ.ಮೀ. ಸ್ಕೇಲಿನ 0 ಮತ್ತು 20ರ ಗುರುತುಗಳು ಅವುಗಳ ಮೇಲೆ ಬರುವಂತೆ ಇಡಿ. 28ರ ಗುರುತಿನಲ್ಲಿ ಒಂದೊಂದೇ ನಾಣ್ಯ ಇಡುತ್ತಾ ಹೋಗಿ. ಎಷ್ಟನೇ ನಾಣ್ಯಕ್ಕೆ 0 ಇರುವ ತುದಿ ಮೇಲೆದ್ದಿತು? ಈಗ ಅಷ್ಟೇ ನಾಣ್ಯಗಳನ್ನು 10ರ ಗುರುತಿನಲ್ಲಿ ಇಟ್ಟು ನೋಡಿ.

2. ಒಂದು ಕೋಲಿನ ಎರಡು ತುದಿಗೆ ನೀರು ತುಂಬಿದ ಬಾಟಲಿ ಬಿಗಿಯಾಗಿ ಕಟ್ಟಿ. ನಡುವೆ ಹಿಡಿದು ಎಡಕ್ಕೆ, ಬಲಕ್ಕೆ ತಿರುಗಿಸಿ. ಆಮೇಲೆ ಬಾಟಲಿಗಳನ್ನು ಕೈಯ ಹತ್ತಿರಕ್ಕೆ ಸರಿಸಿ ಕಟ್ಟಿ ತಿರುಗಿಸಿ. ಯಾವುದು ಸುಲಭ? ಯಾಕೆ?

ಮನೆಯ ಗಾಡಿಗೂ ಇದೇ ಲೆಕ್ಕ

ಇದು ಊರು ಸುತ್ತುವ ಬೈಕಿನವರ ಪಾಠ ಮಾತ್ರ ಅಲ್ಲ. ರಾಯದುರ್ಗದಲ್ಲಿ ಜೀನ್ಸ್ ಬಟ್ಟೆಯ ಗಂಟುಗಳು ಬೈಕಿನ ಮೇಲೇ ಓಡಾಡುತ್ತವೆ. ಮಡಕಶಿರಾ ಕಡೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಬರುವುದೂ ಬೈಕಿನಲ್ಲೇ. ಅಪ್ಪನೋ ಅಣ್ಣನೋ ಹೊರಡುವ ಮುಂಚೆ ನೀವು ಇಷ್ಟು ನೋಡಬಹುದು:

- ಭಾರದ ಸಾಮಾನು ಸೀಟಿನ ಹತ್ತಿರ, ಆದಷ್ಟು ಕೆಳಗೆ ಇರಲಿ. ಹಗುರವಾದದ್ದು ಮಾತ್ರ ಹಿಂದಕ್ಕೆ. ಎಡಬಲ ಸಮ ಇರಲಿ, ಹಗ್ಗ ಅಲ್ಲಾಡದಂತೆ ಬಿಗಿಯಾಗಿರಲಿ.
- ಹೆಚ್ಚು ಭಾರಕ್ಕೆ ಹಿಂದಿನ ಟೈರಿಗೆ ಎಷ್ಟು ಗಾಳಿ ಬೇಕೆಂದು ಬೈಕಿನ ಕೈಪಿಡಿಯಲ್ಲಿ ಬರೆದಿರುತ್ತದೆ. ಟೈರು ತಣ್ಣಗಿರುವಾಗಲೇ ಗಾಳಿ ನೋಡಬೇಕು.
- ಚೈನಿನ ಕೆಳಗಿನ ಎಳೆಯನ್ನು ನಡುವೆ ಬೆರಳಿನಿಂದ ಎತ್ತಿ ನೋಡಿ, ಎಂಜಿನ್ ಆಫ್ ಇರುವಾಗ ಮಾತ್ರ. ಸ್ವಲ್ಪ ಸಡಿಲ ಇರಲೇಬೇಕು. ತೀರಾ ಬಿಗಿಯಾದರೆ ಬೇರಿಂಗ್ ಸವೆಯುತ್ತದೆ, ತೀರಾ ಸಡಿಲವಾದರೆ ಚೈನು ಕಳಚಬಹುದು.
- ಹಿಂದೆ ಭಾರ ಹೆಚ್ಚಾದರೆ ಹೆಡ್‌ಲೈಟ್ ಬೆಳಕು ಮೇಲಕ್ಕೇಳುತ್ತದೆ. ರಾತ್ರಿ ಎದುರಿನಿಂದ ಬರುವವರ ಕಣ್ಣಿಗೆ ಹೊಡೆಯುತ್ತದೆ. ಬೆಳಕನ್ನು ಕೆಳಕ್ಕೆ ಹೊಂದಿಸಿಕೊಳ್ಳಬೇಕು.

ನೀವು ನೋಡಿ, ಹೇಳಿ, ಓಡಿಸಬೇಡಿ. ಗೇರ್ ಇರುವ ಬೈಕು ಓಡಿಸಲು ಕಾನೂನಿನ ಪ್ರಕಾರ 18 ವರ್ಷ ತುಂಬಿರಬೇಕು, ಲೈಸೆನ್ಸ್ ಬೇಕು. ಹಿಂದೆ ಕೂರುವವರಿಗೂ ಹೆಲ್ಮೆಟ್ ಬೇಕು.

ಆ ದಿನ ರಸ್ತೆ ಬದಿಯಲ್ಲೇ ಪೆಟ್ಟಿಗೆ ಬಿಚ್ಚಿ, ಸ್ಪ್ಯಾನರ್ ಮತ್ತು ಆಯಿಲ್ ಡಬ್ಬವನ್ನು ಚೀಲಕ್ಕೆ ತುಂಬಿ ಸೀಟಿನ ಮೇಲೆ ಕಟ್ಟಿದೆವು. ಪೆಟ್ಟಿಗೆಯಲ್ಲಿ ಬಟ್ಟೆ ಮಾತ್ರ ಉಳಿಯಿತು. ಮೈಸೂರು ಮುಟ್ಟುವ ತನಕ ಹ್ಯಾಂಡಲ್ ಮತ್ತೆ ನಡುಗಲಿಲ್ಲ. ಊರಿಗೆ ಬಂದ ಮೇಲೆ ಆ ಉದ್ದನೆಯ ಕ್ಯಾರಿಯರ್ ಕತ್ತರಿಸಿ ಹಾಕಿಸಿದೆ. ಸನ್ನೆಯ ಪಾಠ ನಾನು ವರ್ಷಾ ವರ್ಷಾ ಬೋರ್ಡಿನ ಮೇಲೆ ಬರೆದವನೇ. ಆದರೆ ಅದನ್ನು ನನ್ನ ಗಾಡಿಗೆ ಹಚ್ಚಿ ನೋಡಿರಲಿಲ್ಲ. ನೀವು ಹಚ್ಚಿ ನೋಡಿ.

ಉತ್ತರಿಸಿ

1. 15 ಕಿಲೋ ಗಂಟನ್ನು ಹಿಂದಿನ ಅಚ್ಚಿನಿಂದ 26 ಸೆಂ.ಮೀ. ಹಿಂದೆ ಕಟ್ಟಿದರೆ ಮುಂದಿನ ಗಾಲಿಯ ಭಾರ ಎಷ್ಟು ಕಡಿಮೆಯಾಗುತ್ತದೆ? ಹಿಂದಿನದಕ್ಕೆ ಎಷ್ಟು ಹೆಚ್ಚಾಗುತ್ತದೆ? (ಅಚ್ಚುಗಳ ನಡುವೆ 130 ಸೆಂ.ಮೀ.)
2. ಗಂಟನ್ನು ಸರಿಯಾಗಿ ಹಿಂದಿನ ಅಚ್ಚಿನ ನೇರಕ್ಕೇ ಇಟ್ಟರೆ ಮುಂದಿನ ಗಾಲಿಯ ಭಾರ ಏನಾಗುತ್ತದೆ?
3. ನಿಮ್ಮ ಮನೆಯ ಬೈಕಿನ ಅಚ್ಚುಗಳ ನಡುವಿನ ದೂರವನ್ನು ಟೇಪಿನಿಂದ ಅಳೆದು, ಮನೆಯವರು ಹೇರುವ ಸಾಮಾನಿಗೆ ಇದೇ ಲೆಕ್ಕ ಮಾಡಿ ತರಗತಿಯಲ್ಲಿ ಹೇಳಿ.

(ಉತ್ತರ: 1. 3 ಕಿಲೋ ಕಡಿಮೆ, 18 ಕಿಲೋ ಹೆಚ್ಚು. 2. ಬದಲಾಗುವುದಿಲ್ಲ.)