ಆಪ್ಟಿಮೈಜರ್‌ಗೆ ನಿನ್ನ ಊರು ಗೊತ್ತಿಲ್ಲ, ತಮ್ಮಾ

ತಮ್ಮಾ,

ಡೇಟಾಬೇಸ್ ಕೆಲಸಕ್ಕೆ ಸೇರಿದ್ದೀಯಂತೆ, ಬಹಳ ಸಂತೋಷ. ಕಾಗಿನೆಲೆಯ ಹುಡುಗ ಬೆಂಗಳೂರಿನಲ್ಲಿ ಸರ್ವರ್ ನೋಡಿಕೊಳ್ಳುತ್ತಾನೆ ಅಂದರೆ ನಮಗೆಲ್ಲ ಹೆಮ್ಮೆಯೇ. ಇದೇ ಕಸುಬಿನಲ್ಲಿ ತಲೆ ನರೆತವನು ನಾನು, ಅದಕ್ಕೆ ಈ ಕಿವಿಮಾತು. ಕ್ವೆರಿ ತಡವಾಯಿತು ಅಂದ ಕೂಡಲೇ ಇಂಡೆಕ್ಸ್ ಹಾಕಲು ಓಡಬೇಡ, ಕ್ವೆರಿ ಓಡಿಸುವ ದಾರಿಯನ್ನು, ಅಂದರೆ ಪ್ಲಾನನ್ನು, ಆರಿಸುವ ಆಪ್ಟಿಮೈಜರನ್ನು ಬೈಯಲೂ ಬೇಡ. ಅದು ಕೂಡುವುದು ಕಳೆಯುವುದರಲ್ಲಿ ತಪ್ಪುವುದಿಲ್ಲ. ಡೇಟಾದ ಬಗ್ಗೆ ನಿನಗೆ ಗೊತ್ತಿರುವ ಎಷ್ಟೋ ಸಂಗತಿ ಅದಕ್ಕೆ ಗೊತ್ತಿರುವುದಿಲ್ಲ, ನೀನೂ ಹೇಳಿರುವುದಿಲ್ಲ. ಅಂದಾಜು ಕೆಡುವುದು ಅಲ್ಲಿ.

ಒಂದು ಫಿಲ್ಟರ್ ಹಾಕಿದರೆ ಟೇಬಲ್‌ನ ಎಷ್ಟು ಪಾಲು ಸಾಲುಗಳು ಉಳಿಯುತ್ತವೆ ಎಂಬುದೇ ಸೆಲೆಕ್ಟಿವಿಟಿ. ಹತ್ತರಲ್ಲಿ ಒಂದು ಉಳಿದರೆ 0.1. ಇಂಡೆಕ್ಸ್ ಬಳಸಬೇಕೋ, ಇಡೀ ಟೇಬಲ್ ಓದಬೇಕೋ, ಜಾಯಿನ್ ಹೇಗೆ ಮಾಡಬೇಕು ಎಂಬ ತೀರ್ಮಾನವೆಲ್ಲ ಈ ಒಂದು ಸಂಖ್ಯೆಯ ಮೇಲೆ ನಿಂತಿದೆ. 1979ರಲ್ಲಿ ಐಬಿಎಂನ ಪೆಟ್ರೀಷಿಯಾ ಸೆಲಿಂಜರ್ ಮತ್ತು ಜೊತೆಗಾರರು ಸಿಸ್ಟಮ್ ಆರ್ ಬಗ್ಗೆ ಬರೆದ ಪ್ರಬಂಧದಲ್ಲಿ ಇದರ ಸೂತ್ರಗಳಿವೆ. ಏನೂ ಮಾಹಿತಿ ಇಲ್ಲದಿದ್ದರೆ 'ಸಮ' ಎಂಬ ಷರತ್ತಿಗೆ ಹತ್ತನೇ ಒಂದು, 'ಹೆಚ್ಚು' ಅಥವಾ 'ಕಡಿಮೆ' ಎಂಬುದಕ್ಕೆ ಮೂರನೇ ಒಂದು ಎಂದು ಹಿಡಿದರು. ಎರಡು ಷರತ್ತುಗಳು ಒಟ್ಟಿಗೆ ಬಂದರೆ ಗುಣಿಸಿದರು. ಕಾಲಂಗಳಿಗೆ ಒಂದಕ್ಕೊಂದು ಸಂಬಂಧವಿಲ್ಲ ಎಂದು ಭಾವಿಸಿದ್ದೇವೆ ಎಂಬುದನ್ನೂ ಅವರೇ ಬರೆದಿಟ್ಟರು. ಆ ಭಾವನೆ ಇವತ್ತಿಗೂ ಬಹುಪಾಲು ಡೇಟಾಬೇಸ್‌ಗಳ ಒಳಗಿದೆ.

ನಮ್ಮೂರನ್ನೇ ತೆಗೆದುಕೊ. ಪಹಣಿಯಂಥ ಒಂದು ಟೇಬಲ್, ಒಂದು ಕೋಟಿ ಸಾಲು ಎಂದು ಇಟ್ಟುಕೊ. ಜಿಲ್ಲೆ ಹಾವೇರಿ, ಪಾಲು 0.03. ತಾಲ್ಲೂಕು ಬ್ಯಾಡಗಿ, ಪಾಲು 0.004. ಗ್ರಾಮ ಕಾಗಿನೆಲೆ, ಪಾಲು 0.00004. ಗ್ರಾಮ ಒಂದನ್ನೇ ಕೇಳಿದರೆ 400 ಸಾಲು ಬರುತ್ತವೆ. ಜಿಲ್ಲೆ, ತಾಲ್ಲೂಕು ಸೇರಿಸಿ ಕೇಳಿದರೂ ಅದೇ 400, ಯಾಕೆಂದರೆ ಕಾಗಿನೆಲೆ ಇರುವುದೇ ಬ್ಯಾಡಗಿ ತಾಲ್ಲೂಕಿನಲ್ಲಿ, ಹಾವೇರಿ ಜಿಲ್ಲೆಯಲ್ಲಿ. ನಾಲ್ಕನೇ ಇಯತ್ತೆಯ ಹುಡುಗನಿಗೂ ಇದು ಗೊತ್ತು. ಆಪ್ಟಿಮೈಜರ್ ಮಾತ್ರ ಮೂರನ್ನೂ ಗುಣಿಸಿ, ಅರ್ಧ ಸಾಲೂ ಬರುವುದಿಲ್ಲ ಎಂದು ತಿಳಿದು, ಒಂದು ಎಂದು ಬರೆದುಕೊಳ್ಳುತ್ತದೆ. ಒಂದೇ ಸಾಲು ತಾನೇ ಎಂದು, ಒಂದೊಂದು ಸಾಲಿಗೂ ಇನ್ನೊಂದು ಟೇಬಲ್ ಹುಡುಕುವ ನೆಸ್ಟೆಡ್ ಲೂಪ್ ಜಾಯಿನ್ ಆರಿಸುತ್ತದೆ. ಆ ಟೇಬಲ್‌ಗೆ ತಕ್ಕ ಇಂಡೆಕ್ಸ್ ಇಲ್ಲದಿದ್ದರೆ ಅದನ್ನು ಒಂದು ಸಲ ಓದುವ ಬದಲು 400 ಸಲ ಪೂರ್ತಿ ಓದಬೇಕಾಗುತ್ತದೆ. ಮೇಲೆ ಇನ್ನೂ ಎರಡು ಜಾಯಿನ್ ಇದ್ದರೆ ತಪ್ಪು ಕೂಡುತ್ತಾ ಹೋಗುವುದಿಲ್ಲ, ಗುಣಿಸುತ್ತಾ ಹೋಗುತ್ತದೆ.

ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಇದಕ್ಕೆ ಮದ್ದಿದೆ. 2017ರಲ್ಲಿ ಬಂದ 10ನೇ ಆವೃತ್ತಿಯಿಂದ ಕ್ರಿಯೇಟ್ ಸ್ಟ್ಯಾಟಿಸ್ಟಿಕ್ಸ್ ಎಂಬ ಆಜ್ಞೆ ಇದೆ. ಈ ಮೂರು ಕಾಲಂಗಳು ಒಂದನ್ನೊಂದು ಅವಲಂಬಿಸಿವೆ, ಅಳೆದು ನೋಡು ಎಂದು ಹೇಳಿ, ಅಂಕಿಅಂಶ ಸಂಗ್ರಹಿಸುವ ಅನಲೈಜ್ ಓಡಿಸಿದರೆ ಅಂದಾಜು ಹಳಿಗೆ ಬರುತ್ತದೆ. ಆದರೆ ಒಂದು ಎಚ್ಚರ. ಈ ಅವಲಂಬನೆಯ ಲೆಕ್ಕ, ನೀನು ಕೇಳಿದ ಷರತ್ತುಗಳು ಒಂದಕ್ಕೊಂದು ಹೊಂದುತ್ತವೆ ಎಂದು ನಂಬುತ್ತದೆ. ಗ್ರಾಮ ಕಾಗಿನೆಲೆ, ತಾಲ್ಲೂಕು ರಾಣೆಬೆನ್ನೂರು ಎಂದು ಯಾರೋ ಕೇಳಿದರೆ ಉತ್ತರ ಸೊನ್ನೆ. ಈ ಲೆಕ್ಕ ಆಗಲೂ ಸಾಲುಗಳು ಸಿಗುತ್ತವೆ ಎಂದೇ ಎಣಿಸುತ್ತದೆ. ಯಾವ ಜೋಡಿಗಳು ನಿಜಕ್ಕೂ ಹೆಚ್ಚು ಸಲ ಬರುತ್ತವೆ ಎಂಬ ಪಟ್ಟಿ ಬೇಕಿದ್ದರೆ 2019ರ 12ನೇ ಆವೃತ್ತಿಯಲ್ಲಿ ಬಂದ ಎಂಸಿವಿ ಬಗೆಯನ್ನೂ ಸೇರಿಸಿಕೊ.

ಇನ್ನು ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಗೆ ಬಾ. ದೊಡ್ಡ ವ್ಯಾಪಾರ ಸೋಮವಾರ ಮತ್ತು ಗುರುವಾರ. ಸುಗ್ಗಿಯಲ್ಲಿ ಒಂದೇ ದಿನ ಲಕ್ಷಕ್ಕೂ ಮೀರಿ ಚೀಲ ಬರುವುದುಂಟು. ಅಂಥ ಮಾರುಕಟ್ಟೆಯ ಲಾಟ್‌ಗಳ ಟೇಬಲ್‌ನಲ್ಲಿ 10 ಲಕ್ಷ ಸಾಲು ಇವೆ ಎನ್ನು. ದಿನಾಂಕದಿಂದ ವಾರ ತೆಗೆದು 'ಸೋಮವಾರದ ಲಾಟ್ ಕೊಡು' ಎಂದು ಕೇಳುತ್ತೀ. ದಿನಾಂಕದ ಕಾಲಂಗೆ ಅಂಕಿಅಂಶ ಇದೆ, ಅದರಿಂದ ಲೆಕ್ಕ ಹಾಕಿ ತೆಗೆದ ವಾರಕ್ಕೆ ಇಲ್ಲ. ಆಗ ಪೋಸ್ಟ್‌ಗ್ರೆಸ್ ಕಣ್ಣು ಮುಚ್ಚಿ 0.005 ಎನ್ನುತ್ತದೆ, ಅಂದರೆ 5,000 ಸಾಲು. ಬರುವುದು ಹೆಚ್ಚುಕಡಿಮೆ ಅರ್ಧ ಟೇಬಲ್! ವಾರದಲ್ಲಿ ಏಳು ದಿನ ಎಂದು ಏಳನೇ ಒಂದು ಪಾಲು ಹಿಡಿದಿದ್ದರೂ ತಪ್ಪೇ ಆಗುತ್ತಿತ್ತು. 2021ರ 14ನೇ ಆವೃತ್ತಿಯಿಂದ ಇಂಥ ಲೆಕ್ಕದ ಮೇಲೂ ಅಂಕಿಅಂಶ ಇಡಬಹುದು. ಇಡು.

ಅಂಕಿಅಂಶ ಎಲ್ಲಿಂದ ಬರುತ್ತದೆ ಅನ್ನುವುದೂ ತಿಳಿದಿರಲಿ. ಖರೀದಿದಾರ ಚೀಲದಿಂದ ಒಂದು ಹಿಡಿ ತೆಗೆದು ಬಣ್ಣ, ಸುಕ್ಕು ನೋಡಿ ಇಡೀ ಲಾಟ್‌ಗೆ ಟೆಂಡರ್ ಹಾಕುತ್ತಾನಲ್ಲ, ಅನಲೈಜ್ ಮಾಡುವುದೂ ಅದನ್ನೇ. ಪೋಸ್ಟ್‌ಗ್ರೆಸ್ ಮಾಮೂಲಿಯಾಗಿ 30,000 ಸಾಲು ಎತ್ತಿಕೊಳ್ಳುತ್ತದೆ, ಟೇಬಲ್ ಲಕ್ಷದ್ದಿರಲಿ, ಕೋಟಿಯದ್ದಿರಲಿ. ಅದರಿಂದ ಹೆಚ್ಚು ಸಲ ಬಂದ ಮೌಲ್ಯಗಳ ಒಂದು ಪಟ್ಟಿ, ಉಳಿದವಕ್ಕೆ ಒಂದು ಹಿಸ್ಟೋಗ್ರಾಮ್ ಮಾಡಿಡುತ್ತದೆ. ಕಡ್ಡಿ, ಡಬ್ಬಿ, ಗುಂಟೂರು ಎಂಬ ಮೂರು ಬಗೆಯಾದರೆ ಪಟ್ಟಿ ಸಾಕು. ಸಾವಿರಾರು ಊರುಗಳ ಹೆಸರಾದರೆ ಸಣ್ಣ ಊರು ಪಟ್ಟಿಗೆ ಸೇರದೆ ಹೋಗುತ್ತದೆ. ಆ ಕಾಲಂಗೆ ಮಾತ್ರ ಸ್ಟ್ಯಾಟಿಸ್ಟಿಕ್ಸ್ ಟಾರ್ಗೆಟ್ಟನ್ನು 100ರಿಂದ ಮೇಲಕ್ಕೆ ಏರಿಸು. ಹಾಗೇ ರಾಣೆಬೆನ್ನೂರು, ರಾಣೇಬೆನ್ನೂರು, ರಾಣಿಬೆನ್ನೂರು ಎಂದು ಮೂರು ಬಗೆಯಲ್ಲಿ ಟೈಪ್ ಆಗಿದ್ದರೆ ಒಂದೇ ಊರು ಮೂರು ಪಾಲಾಗುತ್ತದೆ. ಯಾವ ಅಂಕಿಅಂಶವೂ ಅದನ್ನು ಒಂದುಗೂಡಿಸುವುದಿಲ್ಲ. ಹೆಸರಿನ ಬದಲು ಊರಿನ ಕೋಡ್ ಇಡು.

ಸುಗ್ಗಿ ಕಾಲದಲ್ಲಿ ಇನ್ನೊಂದು ತೊಡಕು. ತಾನಾಗಿ ಓಡುವ ಅನಲೈಜ್, ಟೇಬಲ್‌ನ ಸುಮಾರು ಹತ್ತನೇ ಒಂದು ಪಾಲು ಬದಲಾಗುವವರೆಗೆ ಏಳುವುದಿಲ್ಲ. ಅಷ್ಟರಲ್ಲಿ ಹೊಸ ಆವಕದ ರಾಶಿ ಬಿದ್ದಿರುತ್ತದೆ, ಹಳೆಯ ಅಂಕಿಅಂಶದ ಪ್ರಕಾರ ಆ ದಿನಾಂಕಗಳು ಹುಟ್ಟೇ ಇಲ್ಲ. ದೊಡ್ಡ ಲೋಡ್ ಮುಗಿದ ಮೇಲೆ ಅನಲೈಜನ್ನು ನೀನೇ ಓಡಿಸು, ಅದು ಲೋಡ್ ಕೆಲಸದ ಕೊನೆಯ ಸಾಲೇ ಆಗಿರಲಿ.

ರೋಗ ಪತ್ತೆಗೆ ಎಕ್ಸ್‌ಪ್ಲೇನ್ ಅನಲೈಜ್ ಸಾಕು. ಪ್ಲಾನ್‌ನ ಪ್ರತಿ ಹಂತದಲ್ಲೂ ಸಾಲಿನ ಸಂಖ್ಯೆ ಎರಡು ಸಲ ಇರುತ್ತದೆ, ಮೊದಲನೆಯದು ಅಂದಾಜು, ಎರಡನೆಯದು ನಿಜ. ಎರಡೂ ಒಂದು ಸುತ್ತಿನ ಲೆಕ್ಕ, ಹಾಗಾಗಿ ನೇರವಾಗಿ ಹೋಲಿಸು; ಒಟ್ಟು ಎಷ್ಟು ಸಾಲು ಬಂದವು ಎಂದು ಬೇಕಿದ್ದರೆ ಮಾತ್ರ ಎರಡನೆಯದನ್ನು ಲೂಪ್ಸ್ ಎಂಬ ಸಂಖ್ಯೆಯಿಂದ ಗುಣಿಸು. ಕೆಳಗಿನಿಂದ ಮೇಲಕ್ಕೆ ಓದು. ಅಂದಾಜಿಗೂ ನಿಜಕ್ಕೂ ಹತ್ತು ಪಟ್ಟು, ನೂರು ಪಟ್ಟು ಅಂತರ ಎಲ್ಲಿ ಮೊದಲು ಕಾಣುತ್ತದೋ ಅಲ್ಲಿ ನಿಲ್ಲು. ಮೇಲಿನದೆಲ್ಲ ಅದರ ಫಲ. ನೆಸ್ಟೆಡ್ ಲೂಪನ್ನೇ ಸರ್ವರ್ ಪೂರ್ತಿ ಬಂದ್ ಮಾಡುವ ಜಾಣರೂ ಇದ್ದಾರೆ, ಅವರ ಹಾದಿ ಹಿಡಿಯಬೇಡ. ಒಂದು ಕ್ವೆರಿ ಸುಧಾರಿಸಿ ಹತ್ತು ಕೆಡುತ್ತವೆ.

ಎಲ್ಲ ಮಾಡಿದರೂ ಅಂದಾಜು ಸಿಗದ ಕ್ವೆರಿಗಳು ಇರುತ್ತವೆ. ಅದಕ್ಕೆ ನಮ್ಮ ರಾಜ್ಯದಲ್ಲೇ ದೊಡ್ಡ ಕೆಲಸ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಜಯಂತ್ ಹರಿತ್ಸ ಅವರು ವಿದ್ಯಾರ್ಥಿಗಳೊಡನೆ ಪಿಕಾಸೊ ಎಂಬ ಸಾಧನ ಮಾಡಿದರು. ಸೆಲೆಕ್ಟಿವಿಟಿ ಬದಲಾದಂತೆ ಆಪ್ಟಿಮೈಜರ್ ಯಾವ ಪ್ಲಾನಿಗೆ ಜಿಗಿಯುತ್ತದೆ ಎಂಬುದನ್ನು ಅದು ಬಣ್ಣಬಣ್ಣದ ಚಿತ್ರವಾಗಿ ತೋರಿಸುತ್ತದೆ. 2014ರಲ್ಲಿ ಅವರು, ಅಂದಾಜನ್ನೇ ಬಿಟ್ಟರೆ ಹೇಗೆ ಎಂದು ಕೇಳಿ 'ಪ್ಲಾನ್ ಬೊಕೆ' ಎಂಬ ದಾರಿ ತೋರಿಸಿದರು. ಒಂದು ಪ್ಲಾನಿಗೆ ಇಷ್ಟೇ ಖರ್ಚು ಎಂದು ಮಿತಿ ಹಾಕಿ ಓಡಿಸು. ಮುಗಿಯದಿದ್ದರೆ ನಿಲ್ಲಿಸಿ, ಮಿತಿ ಇಮ್ಮಡಿ ಮಾಡಿ ಮುಂದಿನದನ್ನು ಓಡಿಸು. ಗೊತ್ತಿಲ್ಲದ ಸೆಲೆಕ್ಟಿವಿಟಿ ಒಂದೇ ಆಗಿದ್ದರೆ ಒಟ್ಟು ಖರ್ಚು ಅತ್ಯುತ್ತಮ ಪ್ಲಾನಿನ ನಾಲ್ಕು ಪಟ್ಟು ಮೀರುವುದಿಲ್ಲ. ಅತ್ಯುತ್ತಮ ಪ್ಲಾನಿನ ನಿಜವಾದ ಖರ್ಚು 4ಕ್ಕಿಂತ ತುಸು ಹೆಚ್ಚು ಎನ್ನು. ಹಾಕಿದ ಮಿತಿಗಳು 1, 2, 4, 8 ಕೂಡಿದರೆ 15, ಅದು 4ರ ನಾಲ್ಕು ಪಟ್ಟಿನ ಒಳಗೇ ಇದೆ. ಬಹಳ ಒಳ್ಳೆಯದು ಸಿಗದಿದ್ದರೂ ಬಹಳ ಕೆಟ್ಟದ್ದು ಆಗಬಾರದು ಎಂಬ ಈ ಧೋರಣೆ ನಿನ್ನ ಕೆಲಸಕ್ಕೂ ಇರಲಿ.

ಕೊನೆಗೆ, ಟೇಬಲ್ ಕಟ್ಟುವ ಮೊದಲು ಅದರ ಲೆಕ್ಕ ಬರೆಯುವ ಗುಮಾಸ್ತನ ಪಕ್ಕ ಒಂದು ಗಳಿಗೆ ಕೂರು. ಯಾವ ವಾರ ವ್ಯಾಪಾರ, ಯಾವ ತಿಂಗಳು ಆವಕ, ಯಾವುದು ತಿಳಿದರೆ ಯಾವುದು ತಾನಾಗಿ ತಿಳಿಯುತ್ತದೆ, ಕೇಳು. ಅವನು ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬಿಡಬೇಡ, ಆಪ್ಟಿಮೈಜರ್ ಓದುವ ಜಾಗದಲ್ಲಿ ಬರೆದಿಡು. ಒಳ್ಳೆಯದಾಗಲಿ.

ನಿನ್ನ ಕಾಕಾ