ಗಾಡಿಗೆ ಸಿಬಿ ರೇಡಿಯೋ: ಕೊಳ್ಳುವ ಮುನ್ನ

ನಮ್ಮ ಚಾಚಾ ಅವರ ಎರಡು ಟೆಂಪೋಗಳು ನಂಜನಗೂಡು–ತಿ. ನರಸೀಪುರ ನಡುವೆ ತೆಂಗಿನಕಾಯಿ ಸಾಗಿಸುತ್ತವೆ. ಓಡಿಸುತ್ತಾ ಮೊಬೈಲ್ ಹಿಡಿದದ್ದಕ್ಕೆ ಒಮ್ಮೆ ದಂಡ ಕಟ್ಟಿದರು. ಆಮೇಲೆ ಆನ್‌ಲೈನಿನಲ್ಲಿ ಪುಟ್ಟ ಸಿಬಿ ರೇಡಿಯೋ ನೋಡಿ, "ಬೇಟಾ, ಕಾಮರ್ಸ್ ಓದ್ತೀಯಲ್ಲ, ಯಾವುದು ತಗೊಳ್ಳಲಿ ಹೇಳು" ಎಂದರು.

ನಾನು ಮೊದಲು ನೋಡಿದ್ದು ಬೆಲೆ. ಅದೇ ತಪ್ಪು. ಮೊದಲು ನೋಡಬೇಕಾದದ್ದು ಕಾನೂನು. ನಮ್ಮ ದೇಶದಲ್ಲಿ 26.957ರಿಂದ 27.283 ಮೆಗಾಹರ್ಟ್ಸ್ ಸಿಬಿ ಬ್ಯಾಂಡಿಗೆ 2005ರ ನಿಯಮದಂತೆ ಲೈಸೆನ್ಸ್ ಬೇಡ. ಆದರೆ ಶಕ್ತಿ 5 ವ್ಯಾಟ್ ಮೀರಬಾರದು, ಆಂಟೆನಾ ಸೆಟ್ಟಿನಲ್ಲೇ ಇರಬೇಕು. ಗಾಡಿಯ ಸೆಟ್ಟುಗಳಿಗೋ ಆಂಟೆನಾ ಬೇರೆ, ಛಾವಣಿಯ ಮೇಲೆ! ಅಂದರೆ ಈ ವಿನಾಯಿತಿ ಅವಕ್ಕೆ ಸಿಗುವುದಿಲ್ಲ. ಆನ್‌ಲೈನಿನಲ್ಲಿ ವಾಕಿಟಾಕಿಯಂಥ ಸೆಟ್ ಮಾರುವವರು ಫ್ರೀಕ್ವೆನ್ಸಿ, ಅನುಮೋದನೆಯ ವಿವರ ಕೊಡಬೇಕೆಂದು 2025ರಲ್ಲಿ ಮಾರ್ಗಸೂಚಿಯೂ ಬಂದಿದೆ. ಚಾಚಾ ನೋಡಿದ ಸೆಟ್ಟಿನಲ್ಲಿ ಎರಡೂ ಇರಲಿಲ್ಲ.

ಇನ್ನು ಪುಟ್ಟದು ಎಂಬ ಮಾತು. ಡಬ್ಬಿ ಅಂಗೈಯಗಲ ಇರಬಹುದು, ಅಲೆ ಚಿಕ್ಕದಾಗುತ್ತದೆಯೇ? 300ನ್ನು 27ರಿಂದ ಭಾಗಿಸಿ: ಸುಮಾರು 11 ಮೀಟರ್. ಅದರ ಕಾಲುಭಾಗವೇ 2.75 ಮೀಟರ್. ಆಂಟೆನಾ ಅದಕ್ಕಿಂತ ಗಿಡ್ಡವಾದಷ್ಟೂ ಮಾತು ತಲುಪುವ ದೂರ ಕಡಿಮೆ. ಎರಡು ಊರುಗಳ ನಡುವೆ 25 ಕಿ.ಮೀ. ಮೀರಿದ ದಾರಿ, ಸಿಬಿ ಸಾಮಾನ್ಯವಾಗಿ ಕೆಲವೇ ಕಿ.ಮೀ. ಮುಟ್ಟುತ್ತದೆ. ಬ್ಯಾಟರಿಯನ್ನೂ ನೋಡಬೇಕು: ಟೆಂಪೋದಲ್ಲಿ 12 ವೋಲ್ಟ್, ದೊಡ್ಡ ಲಾರಿಯಲ್ಲಿ 24. ಅದಲುಬದಲಾದರೆ ಸೆಟ್ ಸುಟ್ಟೀತು.

ಅಲ್ಲದೆ ಮೈಕನ್ನೂ ಕೈಯಲ್ಲೇ ಹಿಡಿಯಬೇಕಲ್ಲ! ಅದನ್ನು ಹೇಳಿದಾಗ ಚಾಚಾ ನಕ್ಕುಬಿಟ್ಟರು. ಆರ್ಡರ್ ರದ್ದಾಯಿತು. ಈಗ ಗಾಡಿ ಬದಿಗೆ ನಿಲ್ಲಿಸಿ ಫೋನ್ ಮಾಡುತ್ತಾರೆ.