ಏರುತ್ತಿರುವವರಿಗೆ ದಾರಿ ಬಿಡಿ: ಯುವ ದಂಪತಿಗಳಿಗೆ ಒಂದು ಪಾಠ

ವಾಕ್ಯಭಾಗ: ಯೋಹಾನ 2:1-11, ಫಿಲಿಪ್ಪಿಯವರಿಗೆ 2:3-4, ಎಫೆಸದವರಿಗೆ 4:26

ಇವತ್ತಿನ ಪಾಠ ವಿಶೇಷವಾಗಿ ಹೊಸದಾಗಿ ಮದುವೆಯಾದವರಿಗೆ, ಮದುವೆ ನಿಶ್ಚಯ ಆಗಿರುವವರಿಗೆ. ಹಾಗಂತ ಉಳಿದವರು ಎದ್ದು ಹೋಗಬೇಡಿ, ನಿಮಗೂ ಪಾಲಿದೆ!

ಪ್ರಿಯರೇ, ಮಳೆ ಶುರುವಾಯ್ತು ಅಂದ್ರೆ ನಮ್ಮ ಯೌವನಸ್ಥರ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡುವ ಹೆಸರು ಆಗುಂಬೆ. ತೀರ್ಥಹಳ್ಳಿ ತಾಲೂಕಿನ ಸಣ್ಣ ಊರು. ಬೆಂಗಳೂರಿಗೆ ವರ್ಷಕ್ಕೆ ಹೆಚ್ಚುಕಡಿಮೆ 1,000 ಮಿಲಿಮೀಟರ್ ಮಳೆ ಆದ್ರೆ ಅಲ್ಲಿ 7,000ಕ್ಕೂ ಮೇಲೆ. ಶಂಕರ್ ನಾಗ್ ಅವರು ಆರ್. ಕೆ. ನಾರಾಯಣ್ ಅವರ ಕಥೆಗಳನ್ನು ‘ಮಾಲ್ಗುಡಿ ಡೇಸ್’ ಧಾರಾವಾಹಿ ಮಾಡುವಾಗ ಮಾಲ್ಗುಡಿಯನ್ನು ಕಂಡುಕೊಂಡದ್ದು ಇದೇ ಊರಲ್ಲಿ. ಆ ಕಥೆಗಳನ್ನು ನೋಡಿದವರಿಗೆ ಗೊತ್ತು, ಅಲ್ಲಿ ರಾಜ ಮಹಾರಾಜರ ಯುದ್ಧ ಇಲ್ಲ. ಸಾಮಾನ್ಯ ಜನರ ಸಣ್ಣ ಸಣ್ಣ ಸಂಗತಿಗಳು. ನಮ್ಮ ಸಂಸಾರಗಳೂ ಹಾಗೇ ಅಲ್ವಾ? ಬಹುಪಾಲು ದಿನ ನಡೆಯೋದು ಸಣ್ಣ ಸಂಗತಿಗಳ ಮೇಲೆ.

ಈಗ ಒಂದು ಜೋಡಿಯನ್ನು ಮನಸ್ಸಿನಲ್ಲಿ ಊಹಿಸಿಕೊಳ್ಳಿ. ಯಾರ ಮನೆ ಕಥೆಯನ್ನೂ ಹೇಳ್ತಿಲ್ಲ, ಗಾಬರಿ ಬೇಡ. ಮದುವೆಯಾಗಿ ಎಂಟು ತಿಂಗಳು. ಇಬ್ಬರೂ ಕೆಲಸಕ್ಕೆ ಹೋಗುವವರು. ಶುಕ್ರವಾರ ರಾತ್ರಿ ಕಾರಿನಲ್ಲಿ ಬೆಂಗಳೂರು ಬಿಟ್ಟು ಶಿವಮೊಗ್ಗ, ತೀರ್ಥಹಳ್ಳಿ ದಾಟಿ ಬೆಳಿಗ್ಗೆ ಆಗುಂಬೆಗೆ ಬಂದರು. ನೋಡಿದ್ರೆ ರೇನ್‌ಕೋಟ್ ಇರೋ ಬ್ಯಾಗ್ ಮನೆಯಲ್ಲೇ ಉಳಿದಿದೆ. ಫೋನಿಗೆ ನೆಟ್‌ವರ್ಕ್ ಇಲ್ಲ. ಬುಕ್ ಮಾಡಿದ ರೂಮಿನ ನಂಬರ್ ಅವನ ಮೇಲ್‌ನಲ್ಲಿದೆ, ಮೇಲ್ ತೆರೀತಾ ಇಲ್ಲ.

"ನಾನು ಹೇಳಿರಲಿಲ್ವಾ, ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ ಅಂತ?"

"ಬ್ಯಾಗ್ ಇಡೋದು ನಿನ್ನ ಕೆಲಸ ಆಗಿತ್ತು. ಅದನ್ನ ಮೊದಲು ಹೇಳು."

ಅಷ್ಟೇ. ಅಲ್ಲಿಂದ ಘಾಟಿ ಇಳಿದು ಸೋಮೇಶ್ವರ, ಹೆಬ್ರಿ ದಾಟಿ ಉಡುಪಿ ತಲುಪುವವರೆಗೆ ಕಾರಿನೊಳಗೆ ಮಾತಿಲ್ಲ. ಹೊರಗೆ ಅಷ್ಟು ಚೆಂದದ ಕಾಡು, ಮಂಜು, ನೀರು. ಒಳಗೆ ವೈಪರ್ ಸದ್ದು ಮಾತ್ರ.

ಇದಕ್ಕೆ ಆಗುಂಬೆಗೇ ಹೋಗಬೇಕಾಗಿಲ್ಲ. ಹಾಲು ಉಕ್ಕಿ ಒಲೆಯೆಲ್ಲಾ ಸುರಿದಿದೆ. ಅನ್ನ ಅರ್ಧ ಬೆಂದಾಗ ಸಿಲಿಂಡರ್ ಖಾಲಿ. ಬಿಳಿ ಶರ್ಟಿನ ಜೊತೆ ಕೆಂಪು ದುಪಟ್ಟಾ ವಾಷಿಂಗ್ ಮಷೀನಿಗೆ ಹೋಗಿದೆ. ಕೀ ಒಳಗೆ, ಇಬ್ಬರೂ ಹೊರಗೆ. ಕೇಳೋದಕ್ಕೆ ನಗು ಬರುತ್ತೆ. ಆದರೆ ಪ್ರಿಯರೇ, ಇಂಥ ಸಂಗತಿಗಳ ಮೇಲೆ ಎರಡು ದಿನ ಮಾತು ಬಿಟ್ಟು, ಆಮೇಲೆ ನಾಲ್ಕು ದಿನ ಬಿಟ್ಟು, ಕೊನೆಗೆ ಒಂದೇ ಮನೆಯಲ್ಲಿ ಇಬ್ಬರು ಪೇಯಿಂಗ್ ಗೆಸ್ಟ್‌ಗಳ ಹಾಗೆ ಬದುಕುವವರು ಇದ್ದಾರೆ. ಭಾನುವಾರ ಆರಾಧನೆಯಲ್ಲಿ ಅಕ್ಕಪಕ್ಕ ನಿಂತು ಕೈ ಎತ್ತುತ್ತಾರೆ, ಆದರೆ ಒಬ್ಬರ ಕೈ ಒಬ್ಬರು ಹಿಡಿಯೋದಿಲ್ಲ. ಆದ್ದರಿಂದ ಇದು ಸಣ್ಣ ವಿಷಯ ಅಲ್ಲ.

ಕಾನಾ ಊರಿನ ಮದುವೆ ಮನೆ

ಯೋಹಾನ ಎರಡನೇ ಅಧ್ಯಾಯಕ್ಕೆ ಬನ್ನಿ. ನಮ್ಮ ಕರ್ತನ ಮೊದಲನೆಯ ಸೂಚಕಕಾರ್ಯ ಎಲ್ಲಿ ನಡೆಯಿತು? ಯೆರೂಸಲೇಮಿನ ದೇವಾಲಯದಲ್ಲಿ ಅಲ್ಲ. ಗಲಿಲಾಯದ ಒಂದು ಊರಿನ ಮದುವೆ ಮನೆಯಲ್ಲಿ. ಅಲ್ಲಿ ಸತ್ತವರಿರಲಿಲ್ಲ, ಕುರುಡರಿರಲಿಲ್ಲ. ದ್ರಾಕ್ಷಾರಸ ಸಾಲದೆ ಹೋಗಿತ್ತು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಪಂಕ್ತಿ ಕೂತಿದೆ, ಸಾರು ಮುಗಿದಿದೆ! ಹೊಸ ದಂಪತಿಗಳ ಮೊದಲ ದಿನವೇ ಎಡವಟ್ಟು.

ಆಗ ಮರಿಯಳು ಮಾಡಿದ್ದನ್ನು ಗಮನಿಸಿ. ‘ಲೆಕ್ಕ ಹಾಕಿದ್ದು ಯಾರು? ಹುಡುಗನ ಕಡೆಯವರಾ, ಹುಡುಗಿಯ ಕಡೆಯವರಾ?’ ಅಂತ ವಿಚಾರಣೆ ಮಾಡಲಿಲ್ಲ. ಆಕೆ ಇದ್ದ ಕೊರತೆಯನ್ನು ಇದ್ದ ಹಾಗೆ ಯೇಸುವಿಗೆ ತಿಳಿಸಿದಳು. ಆಮೇಲೆ ಆತನು ಹೇಳಿದಂತೆ ಮಾಡಿರಿ ಎಂದು ಸೇವಕರಿಗೆ ಹೇಳಿದಳು. ಯಾರ ತಪ್ಪಿನಿಂದ ಕಡಿಮೆ ಬಿತ್ತು ಅನ್ನೋದು ಈ ಅಧ್ಯಾಯದಲ್ಲಿ ಎಲ್ಲೂ ಬರೆದಿಲ್ಲ. ಅದರಲ್ಲೂ ನಮಗೆ ಪಾಠವಿದೆ.

ಅಲ್ಲಿ ಆರು ಕಲ್ಲಿನ ಬಾನೆಗಳಿದ್ದವು. ಇವತ್ತಿನ ಲೆಕ್ಕದಲ್ಲಿ ಒಂದೊಂದೂ ಹೆಚ್ಚುಕಡಿಮೆ 80ರಿಂದ 120 ಲೀಟರ್ ಹಿಡಿಯುವಂಥದ್ದು. ಸೇವಕರು ಅವುಗಳನ್ನು ಕಂಠದ ತನಕ ತುಂಬಿಸಿದರು. ಅದ್ಭುತ ನಡೆಯುವ ಮುಂಚೆ ಯಾರೋ ನೀರು ಹೊತ್ತರು, ಹಲ್ಲೆಲೂಯ! ಕೊನೆಗೆ ಔತಣದ ಪಾರುಪತ್ಯಗಾರನು ಮದುಮಗನನ್ನು ಕರೆದು ಹೊಗಳಿದನು. ಒಳ್ಳೆಯ ರಸ ಎಲ್ಲಿಂದ ಬಂತು ಅನ್ನೋದು ಹೊಗಳಿದವನಿಗೆ ಗೊತ್ತಿಲ್ಲ, ನೀರು ತೋಡಿದ ಸೇವಕರಿಗೆ ಗೊತ್ತು. ಕರ್ತನು ಆ ಹೊಸ ಸಂಸಾರದ ಕೊರತೆಯನ್ನು ಜನರ ಮುಂದೆ ಬಯಲು ಮಾಡಲಿಲ್ಲ, ಮುಚ್ಚಿ ತುಂಬಿಸಿದನು.

ಹಾಗಾದರೆ ನನ್ನ ಹೆಂಡತಿಯ ಮರೆವನ್ನು ನನ್ನ ಅಮ್ಮನ ಮುಂದೆ ಜೋಕ್ ಮಾಡುವಾಗ, ಗಂಡನ ಎಡವಟ್ಟನ್ನು ಫ್ರೆಂಡ್ಸ್ ಗ್ರೂಪಿಗೆ ಹಾಕುವಾಗ, ನಾವು ಯಾರ ದಾರಿಯಲ್ಲಿ ನಡೀತಿದ್ದೇವೆ? ಯೋಚಿಸೋಣ.

ಹಳೆಯ ಒಡಂಬಡಿಕೆಯಲ್ಲೂ ನೋಡಿ. ಧರ್ಮೋಪದೇಶಕಾಂಡ 24:5ರ ಪ್ರಕಾರ ಹೊಸದಾಗಿ ಮದುವೆಯಾದವನನ್ನು ಒಂದು ವರ್ಷ ಯುದ್ಧಕ್ಕೆ ಕಳಿಸುವಂತಿಲ್ಲ. ಮನೆಯಲ್ಲಿದ್ದು ಹೆಂಡತಿಯನ್ನು ಸಂತೋಷಪಡಿಸಬೇಕು. ಒಂದು ಜನಾಂಗದ ಕಾನೂನಿನೊಳಗೇ ದೇವರು ಇದನ್ನು ಇಟ್ಟನು. ಮೊದಲ ವರ್ಷದ ಸಣ್ಣ ಸಣ್ಣ ದಿನಗಳು ಆತನ ಕಣ್ಣಿಗೆ ಅಷ್ಟು ಮುಖ್ಯ.

ಮೊದಲನೆಯದು: ಘಾಟಿಯ ನಿಯಮ

ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳು. ಎಷ್ಟು ಇಕ್ಕಟ್ಟು ಅಂದ್ರೆ ಅಲ್ಲಿ ಜನರನ್ನು ಹೊತ್ತು ಓಡೋದು ಮಿನಿ ಬಸ್ಸುಗಳು. ಅಂಥ ರಸ್ತೆಗೆ ಒಂದು ನಿಯಮ ಇದೆ. ಇದು ಬರೀ ಡ್ರೈವರುಗಳ ಮರ್ಯಾದೆ ಅಲ್ಲ, ನಮ್ಮ ದೇಶದ ರಸ್ತೆ ನಿಯಮಗಳಲ್ಲೇ ಬರೆದಿದೆ: ಎರಡು ಗಾಡಿ ಸರಾಗವಾಗಿ ದಾಟಲು ಜಾಗ ಇಲ್ಲದಿದ್ದರೆ, ಇಳಿಯುತ್ತಿರುವವನು ಪಕ್ಕಕ್ಕೆ ನಿಂತು ಏರುತ್ತಿರುವವನಿಗೆ ದಾರಿ ಬಿಡಬೇಕು.

ಯಾಕೆ? ಏರುವವನ ಗಾಡಿ ಭಾರ ಎಳೀತಾ ಇದೆ. ಅವನು ನಡುವೆ ನಿಂತರೆ ಮತ್ತೆ ಹೊರಡೋದು ಕಷ್ಟ, ಗಾಡಿ ಹಿಂದಕ್ಕೆ ಜಾರಬಹುದು. ಇಳಿಯುವವನಿಗೆ ಮತ್ತೆ ಹೊರಡೋದು ಸುಲಭ. ಇಲ್ಲಿ ಯಾರ ಗಾಡಿ ದೊಡ್ಡದು, ಯಾರು ಮೊದಲು ಹಾರ್ನ್ ಹೊಡೆದರು, ಯಾರದು ಸರಿ ಅನ್ನೋದು ಪ್ರಶ್ನೆಯೇ ಅಲ್ಲ. ಏರುತ್ತಿರುವುದು ಯಾರು ಅನ್ನೋದೊಂದೇ ಪ್ರಶ್ನೆ.

ಪ್ರಿಯರೇ, ಫಿಲಿಪ್ಪಿಯವರಿಗೆ 2:3-4ರಲ್ಲಿ ಅಪೊಸ್ತಲ ಪೌಲನು ಕಲಿಸೋದು ಇದನ್ನೇ. ಮತ್ತೊಬ್ಬರನ್ನು ನನಗಿಂತ ಮೇಲಾಗಿ ಎಣಿಸಬೇಕು, ನನ್ನ ಹಿತದ ಜೊತೆಗೆ ಅವರ ಹಿತವನ್ನೂ ನೋಡಬೇಕು. ಇದು ಮನೆಯಲ್ಲಿ ಹೇಗೆ ಕಾಣುತ್ತೆ? ಸಂಜೆ ಬಾಗಿಲು ತೆರೆದ ಕೂಡಲೇ ಮನಸ್ಸಿನಲ್ಲಿ ಕೇಳಿಕೊಳ್ಳಿ: ‘ಇವತ್ತು ನಮ್ಮಿಬ್ಬರಲ್ಲಿ ಏರುತ್ತಿರುವುದು ಯಾರು?’ ಅವಳಿಗೆ ಆಫೀಸಿನಲ್ಲಿ ರಿವ್ಯೂ ಇತ್ತು, ತಿಂಗಳ ಹೊಟ್ಟೆನೋವು ಬೇರೆ. ಹಾಗಾದರೆ ಇವತ್ತು ಸಿಂಕಿನಲ್ಲಿರುವ ಪಾತ್ರೆ ಯಾರದ್ದು ಅಂತ ಚರ್ಚೆ ಬೇಡ, ತಮ್ಮಾ, ತೋಳು ಮಡಚು. ಅವನ ಅಪ್ಪನಿಗೆ ಊರಲ್ಲಿ ಹುಷಾರಿಲ್ಲ, ಅವನ ತಲೆ ಅಲ್ಲಿದೆ. ಹಾಗಾದರೆ ಕರೆಂಟ್ ಬಿಲ್ ಮರೆತದ್ದನ್ನು ಇವತ್ತೇ ಎತ್ತಬೇಡ, ತಂಗೀ. ನಾಳೆ ಕಟ್ಟಬಹುದು.

ಒಂದು ಎಚ್ಚರಿಕೆ. ಯಾವಾಗಲೂ ಒಬ್ಬರೇ ಪಕ್ಕಕ್ಕೆ ನಿಲ್ಲುತ್ತಾ ಇದ್ದರೆ ಅದು ಘಾಟಿಯ ನಿಯಮ ಅಲ್ಲ. ಇವತ್ತು ಏರುವವರು ನಾಳೆ ಇಳಿಯುತ್ತಾರೆ. ನಮ್ಮ ಮನೆಗಳಲ್ಲಿ ‘ಹೆಣ್ಣುಮಗಳೇ ಸಹಿಸ್ಕೋಬೇಕು’ ಅಂತ ಹೇಳಿಕೊಡ್ತಾರೆ. ಪೌಲನು ಅದನ್ನು ಹೇಳಲಿಲ್ಲ. ಗಂಡಂದಿರಿಗೆ ಪೇತ್ರನು ಎಷ್ಟು ಗಟ್ಟಿಯಾಗಿ ಬರೆದಿದ್ದಾನೆ ಓದಿ, 1 ಪೇತ್ರ 3:7. ಹೆಂಡತಿಗೆ ಮಾನ ಕೊಡದೆ ಹೋದರೆ ನಿಮ್ಮ ಪ್ರಾರ್ಥನೆಗೇ ಅಡ್ಡಿ ಬರುತ್ತೆ. ಉಪವಾಸ ಪ್ರಾರ್ಥನೆ ಮಾಡಿಯೂ ಉತ್ತರ ಇಲ್ಲ ಅನ್ನುವ ಗಂಡಂದಿರು ಒಮ್ಮೆ ಅಡುಗೆಮನೆ ಕಡೆ ತಿರುಗಿ ನೋಡಿ.

ಎರಡನೆಯದು: ಉಂಬಳದ ಕಡಿತ

ಮಳೆಗಾಲದಲ್ಲಿ ಆಗುಂಬೆಯ ಕಾಡಿನಲ್ಲಿ ನಡೆದವರಿಗೆ ಉಂಬಳ ಗೊತ್ತು, ಜಿಗಣೆ. ಅದು ಕಚ್ಚುವಾಗ ಸಾಮಾನ್ಯವಾಗಿ ಗೊತ್ತೇ ಆಗೋದಿಲ್ಲ. ಶೂ ಬಿಚ್ಚಿದಾಗ ಸಾಕ್ಸ್ ಕೆಂಪಗಾಗಿರುತ್ತೆ. ಉಂಬಳ ಉದುರಿ ಹೋದ ಮೇಲೂ ರಕ್ತ ಬೇಗ ನಿಲ್ಲೋದಿಲ್ಲ, ಯಾಕಂದ್ರೆ ಅದರ ಎಂಜಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಇದೆ.

ಕೆಲವು ಮಾತುಗಳೂ ಹಾಗೇ. ಹೇಳುವಾಗ ಸಣ್ಣದು. "ನೀನು ಯಾವಾಗ್ಲೂ ಹೀಗೇ." "ನಿಮಗೆ ಒಂದ್ ಕೆಲಸ ನೆಟ್ಟಗೆ ಬರಲ್ಲ." "ನಿಮ್ಮ ಮನೆಯವರೆಲ್ಲಾ ಇಷ್ಟೇ ಬಿಡು." ಹೇಳಿದವರು ಊಟ ಮಾಡಿ ಮಲಗುತ್ತಾರೆ, ಕೇಳಿದವರಿಗೆ ಮೂರು ದಿನ ರಕ್ತ ಸೋರುತ್ತೆ. ರೇನ್‌ಕೋಟ್ ಮರೆತದ್ದು ಒಂದು ದಿನದ ಘಟನೆ. ‘ಯಾವಾಗ್ಲೂ’ ಅನ್ನೋ ಒಂದೇ ಪದ ಅದನ್ನು ಅವರ ಗುಣ ಮಾಡಿಬಿಡುತ್ತೆ. ಘಟನೆಯನ್ನು ಸರಿ ಮಾಡಬಹುದು, ಗುಣ ಅಂತ ಹಣೆಪಟ್ಟಿ ಕಟ್ಟಿದರೆ ಪಾಪ ಅವರು ಏನು ಮಾಡಬೇಕು?

ಪರಮಗೀತೆ 2:15ರಲ್ಲಿ ದ್ರಾಕ್ಷೇತೋಟ ಹಾಳುಮಾಡುವ ನರಿಗಳ ವಿಷಯ ಬರುತ್ತೆ, ಸಣ್ಣ ನರಿಗಳು. ಆ ತೋಟ ಆಗ ಹೂಬಿಟ್ಟಿತ್ತು. ಬಾಡಿದ ತೋಟಕ್ಕಲ್ಲ, ಹೂಬಿಟ್ಟ ತೋಟಕ್ಕೆ ನರಿ ಬರುತ್ತೆ! ಮದುವೆಯ ಚೆಂದದ ದಿನಗಳಲ್ಲೇ ಕಾವಲು ಬೇಕು.

ಆದ್ದರಿಂದ ಘಟನೆಯನ್ನು ಮಾತ್ರ ಹೇಳಿ. ಮರಿಯಳು ಹೇಳಿದ ಹಾಗೆ. "ರೀ, ಬ್ಯಾಗ್ ಬಂದಿಲ್ಲ. ಏನ್ ಮಾಡೋಣ?" ಈ ಒಂದು ‘ಏನ್ ಮಾಡೋಣ’ದಲ್ಲಿ ಇಬ್ಬರೂ ಒಂದೇ ಕಡೆ ನಿಲ್ಲುತ್ತೀರಿ. ಜ್ಞಾನೋಕ್ತಿ 15:1 ಮೃದುವಾದ ಉತ್ತರದ ಬಲವನ್ನು ಕಲಿಸುತ್ತೆ. ಅದನ್ನು ಈ ವಾರ ಮನೆಯಲ್ಲಿ ಪ್ರಯೋಗ ಮಾಡಿ ನೋಡಿ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಹೊಡೆಯೋದು, ಬೆದರಿಸೋದು, ಸಂಬಳ ಕಿತ್ತುಕೊಳ್ಳೋದು, ತವರಿಗೆ ಫೋನ್ ಮಾಡದಂತೆ ತಡೆಯೋದು ಸಣ್ಣ ನರಿ ಅಲ್ಲ. ಅದಕ್ಕೆ ‘ದಾರಿ ಬಿಡಿ’ ಅನ್ನೋ ಪಾಠ ಅನ್ವಯಿಸೋದಿಲ್ಲ. ಅಂಥ ಪರಿಸ್ಥಿತಿಯಲ್ಲಿ ಇರುವ ತಂಗಿಯರು ಸುಮ್ಮನೆ ಸಹಿಸಬೇಡಿ. ನಂಬಿಕೆಯ ಹಿರಿಯರಿಗೆ ಹೇಳಿ, 181 ಮಹಿಳಾ ಸಹಾಯವಾಣಿಗೆ, ತುರ್ತು ಇದ್ದರೆ 112ಕ್ಕೆ ಕರೆ ಮಾಡಿ. ಸಹಾಯ ಕೇಳೋದು ಅವಿಶ್ವಾಸ ಅಲ್ಲ.

ಮೂರನೆಯದು: ಸೂರ್ಯ ಮುಳುಗುವ ಮುಂಚೆ

ಆಗುಂಬೆಗೆ ಹೋದವರೆಲ್ಲಾ ಸಂಜೆ ಸೂರ್ಯಾಸ್ತ ವೀಕ್ಷಣಾ ಸ್ಥಳದಲ್ಲಿ ಸೇರುತ್ತಾರೆ. ಆಕಾಶ ತಿಳಿಯಾಗಿದ್ದರೆ ದೂರದಲ್ಲಿ ಅರಬ್ಬಿ ಸಮುದ್ರದ ಕಡೆ ಸೂರ್ಯ ಇಳಿಯೋದು ಕಾಣುತ್ತೆ. ಮಳೆಗಾಲದಲ್ಲಿ ಬಹಳ ಸಲ ಮಂಜು ಬಿಟ್ಟು ಏನೂ ಕಾಣೋದಿಲ್ಲ. ಕಾಣಲಿ, ಕಾಣದಿರಲಿ, ಸೂರ್ಯ ಮುಳುಗುತ್ತಾನೆ. ನಮ್ಮ ಜಗಳ ಮುಗಿಯಲಿ ಅಂತ ಕಾಯೋದಿಲ್ಲ.

ಎಫೆಸದವರಿಗೆ 4:26ರಲ್ಲಿ ಪೌಲನು ಕೋಪಕ್ಕೆ ಒಂದು ಗಡುವು ಇಟ್ಟಿದ್ದಾನೆ, ಸೂರ್ಯಾಸ್ತ. ಕೋಪವೇ ಬರಬಾರದು ಅಂತ ಹೇಳಲಿಲ್ಲ, ಅದನ್ನು ರಾತ್ರಿಗೆ ದಾಟಿಸಬೇಡಿ ಅಂದನು. ಮುಂದಿನ ವಚನದಲ್ಲೇ ಸೈತಾನನಿಗೆ ಅವಕಾಶ ಕೊಡಬೇಡಿ ಅಂತ ಬರುತ್ತೆ. ಅಂದ್ರೆ ಹಾಸಿಗೆಯ ಮಧ್ಯೆ ಬಿಟ್ಟ ಆ ಒಂದು ಅಡಿ ಜಾಗ ಖಾಲಿ ಇರೋದಿಲ್ಲ, ಪ್ರಿಯರೇ. ಅಲ್ಲಿ ಬಂದು ಮಲಗುವವನೊಬ್ಬ ಇದ್ದಾನೆ.

ಎಲ್ಲಾ ವಿಷಯ ಒಂದೇ ರಾತ್ರಿಯಲ್ಲಿ ಬಗೆಹರಿಯಬೇಕಾಗಿಲ್ಲ. ಹನ್ನೊಂದು ಗಂಟೆಗೆ ಕೂತು ಇಎಂಐ ಲೆಕ್ಕ ತೆಗೆಯಬೇಡಿ. ಲೆಕ್ಕ ಶನಿವಾರಕ್ಕೆ ಇರಲಿ. ಇವತ್ತು ರಾತ್ರಿ ಹೇಳಬೇಕಾದದ್ದು ಒಂದೇ: "ಈ ವಿಷಯ ಇನ್ನೂ ಮುಗಿದಿಲ್ಲ, ಆದರೆ ನಾನು ನಿನ್ನ ಕಡೆಯೇ ಇದ್ದೀನಿ." ಅಷ್ಟು ಹೇಳಿದರೆ ಬೆಳಿಗ್ಗೆ ಮಾತು ಶುರುಮಾಡೋದಕ್ಕೆ ದಾರಿ ಉಳಿಯುತ್ತೆ.

ಈ ವಾರ ಮಾಡಬೇಕಾದದ್ದು

ಒಂದು, ದಿನಕ್ಕೊಮ್ಮೆ ಬಾಯಿಬಿಟ್ಟು ಕೇಳಿ: "ಇವತ್ತು ನಿನಗೆ ಏರು ಇತ್ತಾ, ಇಳಿಜಾರು ಇತ್ತಾ?" ಉತ್ತರ ಕೇಳುವಾಗ ಫೋನ್ ಮಗುಚಿ ಇಡಿ.

ಎರಡು, ಏಳು ದಿನ ‘ಯಾವಾಗ್ಲೂ’, ‘ಒಂದು ದಿನಾನಾದ್ರೂ’ ಅನ್ನೋ ಪದಗಳಿಗೆ ಉಪವಾಸ. ಊಟದ ಉಪವಾಸಕ್ಕಿಂತ ಇದು ಕಷ್ಟ, ಮಾಡಿ ನೋಡಿ!

ಮೂರು, ಮಲಗುವ ಮುಂಚೆ ಕೈ ಹಿಡಿದು ಎರಡು ನಿಮಿಷ ಪ್ರಾರ್ಥನೆ. ಗಂಡ ಹೆಂಡತಿಗೋಸ್ಕರ, ಹೆಂಡತಿ ಗಂಡನಿಗೋಸ್ಕರ. ಪ್ರಾರ್ಥನೆಯ ಒಳಗೆ ದೂರು ಹೇಳಬಾರದು. ‘ಕರ್ತನೇ, ಇವರಿಗೆ ಬುದ್ಧಿ ಕೊಡಪ್ಪಾ’ ಅನ್ನೋದು ಪ್ರಾರ್ಥನೆ ಅಲ್ಲ.

ಇದು ನಮ್ಮ ಸ್ವಂತ ಬಲದಿಂದ ಆಗುವ ಕೆಲಸ ಅಲ್ಲ. ಪವಿತ್ರಾತ್ಮನ ಅಭಿಷೇಕ ವೇದಿಕೆಗೆ ಮಾತ್ರ ಅಂತ ತಿಳಿಯಬೇಡಿ. ದೀರ್ಘಶಾಂತಿ, ದಯೆ, ಶಮೆದಮೆ ಇವೂ ಆತ್ಮನ ಫಲ ಎಂದು ಗಲಾತ್ಯದವರಿಗೆ 5ರಲ್ಲಿ ಓದುತ್ತೇವೆ. ಉಕ್ಕಿದ ಹಾಲು ಒರೆಸುವಾಗ ಆ ಫಲ ಬೇಕು.

ಪ್ರಾರ್ಥಿಸೋಣ. ಪರಲೋಕದ ತಂದೆಯೇ, ನಮ್ಮ ಯುವ ಕುಟುಂಬಗಳನ್ನು ನಿನ್ನ ಕೈಗೆ ಒಪ್ಪಿಸುತ್ತೇವೆ. ಕಾನಾ ಊರಿನ ಮನೆಗೆ ಬಂದ ಕರ್ತನೇ, ಈ ಮನೆಗಳಿಗೂ ಬಾ. ಯಾರು ಏರುತ್ತಿದ್ದಾರೆಂದು ನೋಡುವ ಕಣ್ಣು ಕೊಡು, ಪಕ್ಕಕ್ಕೆ ನಿಲ್ಲುವ ಮನಸ್ಸು ಕೊಡು. ಎರಡು ದಿನದಿಂದ ಮಾತು ಬಿಟ್ಟಿರುವ ಜೋಡಿ ಈ ರಾತ್ರಿಯೇ ಮಾತಾಡುವಂತೆ ಸಹಾಯ ಮಾಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ. ಆಮೆನ್.